ಫಿಜಿಯಲ್ಲಿ ಪ್ರೌಢಶಾಲೆ: ಕಟ್ಟಿದವರು, ಕಲಿತವರು, ಮುಗಿಯದ ಚರ್ಚೆ

ಫಿಜಿಯಲ್ಲಿ ಸುಮಾರು 170 ಪ್ರೌಢಶಾಲೆಗಳಿವೆ. ಅವುಗಳಲ್ಲಿ ಸರ್ಕಾರದ ಸ್ವಂತದವು ಹನ್ನೆರಡು ಹದಿಮೂರು ಮಾತ್ರ. ಉಳಿದವು ಮೆಥಡಿಸ್ಟ್ ಮತ್ತು ಕ್ಯಾಥೊಲಿಕ್ ಚರ್ಚುಗಳು, ಆರ್ಯ ಸಮಾಜ, ಸನಾತನ ಧರ್ಮ ಸಭೆ, ಮುಸ್ಲಿಂ ಲೀಗ್, ದಕ್ಷಿಣ ಭಾರತೀಯರ ಸಂಗಂ, ಇಲ್ಲವೇ ಊರಿನ ಸಮಿತಿಗಳು ಕಟ್ಟಿ ನಡೆಸುತ್ತಿರುವ ಶಾಲೆಗಳು. ಶಿಕ್ಷಕರಿಗೆ ಸಂಬಳ ಕೊಡುವುದು ಸರ್ಕಾರ, ಪಠ್ಯಕ್ರಮವೂ ಪರೀಕ್ಷೆಯೂ ಸರ್ಕಾರದ್ದೇ. ಕಟ್ಟಡ, ಬೆಂಚು, ಹಾಸ್ಟೆಲು, ಒಡೆದ ಕಿಟಕಿ ಸಮಿತಿಯ ಪಾಲು. ಕರ್ನಾಟಕದ ಅನುದಾನಿತ ಶಾಲೆಗಳನ್ನು ಕಂಡವರಿಗೆ ಈ ಏರ್ಪಾಡು ಅಪರಿಚಿತವೇನಲ್ಲ. ಆದರೆ ಕರ್ನಾಟಕದಲ್ಲಿ ಸರ್ಕಾರಿ ಶಾಲೆಗಳ ಜೊತೆಗೆ ಅನುದಾನಿತ ಶಾಲೆಗಳು ಇದ್ದರೆ, ಫಿಜಿಯಲ್ಲಿ ಹೆಚ್ಚುಕಡಿಮೆ ಇಡೀ ವ್ಯವಸ್ಥೆಯೇ ಅನುದಾನಿತ.

ಮುನ್ನೂರಕ್ಕೂ ಹೆಚ್ಚು ದ್ವೀಪಗಳಿರುವ, ಅವುಗಳಲ್ಲಿ ಮೂರನೇ ಒಂದರಷ್ಟರಲ್ಲಿ ಮಾತ್ರ ಜನವಸತಿ ಇರುವ, ಒಂಬತ್ತು ಲಕ್ಷದ ಆಸುಪಾಸಿನ ಜನಸಂಖ್ಯೆಯ ದೇಶ ಇದು. ಇಲ್ಲಿ ಪ್ರೌಢಶಿಕ್ಷಣದ ಚರ್ಚೆ ನೂರು ವರ್ಷಗಳಿಂದ ಮೂರು ಪ್ರಶ್ನೆಗಳ ಸುತ್ತ ನಡೆದಿದೆ. ಶಾಲೆ ಕಟ್ಟುವ ಹೊಣೆ ಯಾರದು? ಮೂಲನಿವಾಸಿ ಇತೌಕೇಯಿ ಜನರ ಮಕ್ಕಳಿಗೂ ಭಾರತೀಯ ಮೂಲದ ಮಕ್ಕಳಿಗೂ ಫಲಿತಾಂಶದಲ್ಲಿ ಅಂತರ ಬಿದ್ದದ್ದೇಕೆ? ಪ್ರೌಢಶಾಲೆ ಕಲಿಸಬೇಕಾದದ್ದು ಏನನ್ನು? ಎರಡನೆಯ ಪ್ರಶ್ನೆಯ ಮೇಲೆಯೇ ಹೆಚ್ಚು ಬರವಣಿಗೆ ಬಂದಿದೆ. ಅದಕ್ಕೆ ಉತ್ತರ ಹುಡುಕಿದವರು ಮೊದಲನೆಯದನ್ನು ಹಲವು ಬಾರಿ ಮರೆತಿದ್ದಾರೆ.

ಮಿಷನ್ ಮತ್ತು ವಸಾಹತು

1835ರಲ್ಲಿ ಡೇವಿಡ್ ಕಾರ್ಗಿಲ್ ಮತ್ತು ವಿಲಿಯಂ ಕ್ರಾಸ್ ಎಂಬ ಮೆಥಡಿಸ್ಟ್ ಪಾದ್ರಿಗಳು ಲೌ ದ್ವೀಪಸಮೂಹದ ಲಕೆಂಬಾದಲ್ಲಿ ಇಳಿದರು. ಬೈಬಲ್ ಓದಿಸುವುದು ಅವರ ಗುರಿಯಾಗಿತ್ತು. ಅದಕ್ಕಾಗಿ ಲಿಪಿ, ಅಚ್ಚು, ಶಾಲೆ ಮೂರೂ ಬಂದವು. ಬಾವ್ ದ್ವೀಪದ ಆಡುಭಾಷೆಯನ್ನು ಬರಹದ ಭಾಷೆಯಾಗಿ ಆರಿಸಿಕೊಳ್ಳಲಾಯಿತು. 1874ರ ಅಕ್ಟೋಬರ್ 10ರಂದು ದ್ವೀಪಗಳು ಬ್ರಿಟನ್ನಿನ ವಶಕ್ಕೆ ಬಂದ ಹೊತ್ತಿಗೆ ಹಲವು ಹಳ್ಳಿಗಳಲ್ಲಿ ಮಿಷನ್ ಶಾಲೆ ಇತ್ತು. ಓದು ಬರಹ ಬಲ್ಲ ಇತೌಕೇಯಿಗಳ ಸಂಖ್ಯೆ ಆ ಕಾಲಕ್ಕೆ ಗಮನಾರ್ಹವೇ ಆಗಿತ್ತು. ಆದರೆ ಆ ಶಾಲೆ ಪ್ರಾಥಮಿಕ ಮಟ್ಟಕ್ಕೆ ನಿಂತಿತ್ತು, ಇಂಗ್ಲಿಷ್ ಅಲ್ಲಿ ಇರಲಿಲ್ಲ.

ವಸಾಹತು ಸರ್ಕಾರಕ್ಕೂ ಅಷ್ಟೇ ಸಾಕಾಗಿತ್ತು. ಹಳ್ಳಿಯ ಬದುಕನ್ನು ಕದಡಬಾರದು, ಮುಖಂಡರ ಮೂಲಕ ಆಳಬೇಕು ಎಂಬ ನೀತಿಗೆ ಹೆಚ್ಚು ಓದಿದ ರೈತನ ಮಗ ಬೇಕಿರಲಿಲ್ಲ, ಇಂಗ್ಲಿಷ್ ಬಲ್ಲ ಮುಖಂಡನ ಮಗ ಬೇಕಿದ್ದ. 1906ರಲ್ಲಿ ಶುರುವಾದ ಕ್ವೀನ್ ವಿಕ್ಟೋರಿಯಾ ಸ್ಕೂಲ್ ಈ ಆಲೋಚನೆಯ ಕೂಸು. ಆಡಳಿತದ ಕಿರಿಯ ಹುದ್ದೆಗಳಿಗೆ ಮುಖಂಡರ ಮನೆತನದ ಹುಡುಗರನ್ನು ತಯಾರು ಮಾಡುವುದು ಅದರ ಕೆಲಸ. ಇದರಾಚೆ ಹೋದವರು ವಿರಳ. ವಾಂಗನುಯಿ ಕಾಲೇಜಿಯೇಟ್ ಮತ್ತು ಆಕ್ಸ್‌ಫರ್ಡ್‌ನ ವಾಡಮ್ ಕಾಲೇಜಿನಲ್ಲಿ ಓದಿ, ಪದವಿ ಪಡೆದ ಮೊದಲ ಇತೌಕೇಯಿ ಎನಿಸಿದ ರಾತು ಲಾಲಾ ಸುಕುನಾ ಅಂಥ ಒಬ್ಬ. ಬಿಳಿಯರ ಮಕ್ಕಳಿಗೆ ಮಾತ್ರ ಬೇರೆಯೇ ವ್ಯವಸ್ಥೆ. ಲೆವುಕದಲ್ಲಿ 1879ರಲ್ಲೇ ಪಬ್ಲಿಕ್ ಸ್ಕೂಲ್ ತೆರೆದಿತ್ತು, ಮುಂದೆ ರಾಜಧಾನಿ ಸುವದ ಗ್ರಾಮರ್ ಶಾಲೆ ನ್ಯೂಜಿಲೆಂಡಿನ ಶಾಲೆಯ ಪಡಿಯಚ್ಚಿನಂತೆ ಬೆಳೆಯಿತು.

ಅದೇ 1879ರ ಮೇ 14ರಂದು ಲಿಯೊನಿಡಾಸ್ ಹಡಗು ಕಲ್ಕತ್ತೆಯಿಂದ ಮೊದಲ ಗಿರ್ಮಿಟ್ (ಒಪ್ಪಂದದ) ಕೂಲಿಗಳನ್ನು ತಂದಿತು. 1916ರವರೆಗೆ ಬಂದವರು ಅರವತ್ತು ಸಾವಿರದಷ್ಟು. 1903ರಿಂದ ಮದ್ರಾಸ್ ಬಂದರಿನಿಂದಲೂ ಜನ ಬರತೊಡಗಿದರು. ಅವರಲ್ಲಿ ಹೆಚ್ಚಿನವರು ತಮಿಳರು, ತೆಲುಗರು, ಮಲಯಾಳಿಗಳು. ಕಬ್ಬಿನ ಗದ್ದೆಗೆ ಕೂಲಿ ಬೇಕೆಂದು ಕರೆತಂದವರಿಗೆ, ಆ ಕೂಲಿಯ ಮಕ್ಕಳು ಓದುವುದರಲ್ಲಿ ಆಸಕ್ತಿ ಇರಲಿಲ್ಲ. 1897ರಲ್ಲಿ ಸುವಕ್ಕೆ ಬಂದ ಮೆಥಡಿಸ್ಟ್ ಶಿಕ್ಷಕಿ ಹ್ಯಾನಾ ಡಡ್ಲಿಯಂಥ ಕೆಲವರನ್ನು ಬಿಟ್ಟರೆ ಹಲವು ವರ್ಷ ಈ ಮಕ್ಕಳ ಕಡೆ ನೋಡಿದವರೇ ಇಲ್ಲ.

1916ರ ಶಿಕ್ಷಣ ಕಾಯ್ದೆ ಈ ಚಿತ್ರಕ್ಕೆ ಚೌಕಟ್ಟು ಹಾಕಿತು. ಶಿಕ್ಷಣ ಇಲಾಖೆ ಬಂತು, ನೋಂದಾಯಿತ ಶಾಲೆಗೆ ಅನುದಾನ ಕೊಡುವ ಪದ್ಧತಿ ಬಂತು. ಶಾಲೆಯನ್ನು ಸರ್ಕಾರ ಕಟ್ಟುವುದಿಲ್ಲ, ಕಟ್ಟಿದವರಿಗೆ ಒಂದಿಷ್ಟು ನೆರವು ಕೊಡುತ್ತದೆ ಎಂಬ ಈ ತೀರ್ಮಾನ ಖರ್ಚು ಉಳಿಸಲು ಮಾಡಿದ್ದು. ಶತಮಾನ ಕಳೆದರೂ ಅದು ಬದಲಾಗಿಲ್ಲ.

ಸಮುದಾಯಗಳು ಕಟ್ಟಿದ ಹೈಸ್ಕೂಲುಗಳು

ಮುಂದಿನ ನಲವತ್ತು ವರ್ಷಗಳ ಕಥೆ ಈ ಕಾಯ್ದೆಯಿಂದಲೇ ಹುಟ್ಟಿದ್ದು. 1918ರಲ್ಲಿ ಆರ್ಯ ಸಮಾಜ ಲೌತೋಕದ ಬಳಿಯ ಸವೇನಿಯಲ್ಲಿ ಗುರುಕುಲ ತೆರೆಯಿತು. ಇವತ್ತು ಫಿಜಿ ವಿಶ್ವವಿದ್ಯಾಲಯ ಇರುವುದೂ ಸವೇನಿಯಲ್ಲೇ, ಅದನ್ನು ಸ್ಥಾಪಿಸಿದ್ದೂ ಅದೇ ಆರ್ಯ ಪ್ರತಿನಿಧಿ ಸಭೆ. 1926ರಲ್ಲಿ ನಾಂದಿಯಲ್ಲಿ ಸಾಧು ಕುಪ್ಪುಸ್ವಾಮಿ ‘ತೆನ್ ಇಂದಿಯ ಸನ್ಮಾರ್ಗ ಐಕ್ಯ ಸಂಗಂ’ ಕಟ್ಟಿದರು. ಅದೇ ವರ್ಷ ಮುಸ್ಲಿಂ ಲೀಗ್ ಸ್ಥಾಪನೆಯಾಯಿತು. ಗಿರ್ಮಿಟ್ ಮುಗಿಸಿ ಗೇಣಿಗೆ ಕಬ್ಬು ಬೆಳೆಯುತ್ತಿದ್ದವರು ಚಂದಾ ಎತ್ತಿ, ಮರ ಮತ್ತು ತಗಡಿನ ಕೊಠಡಿ ಎಬ್ಬಿಸಿ, ಶಿಕ್ಷಕರನ್ನು ಹುಡುಕಿ ತಂದರು. ಲೌತೋಕದ ನತಂಬುವಾದಲ್ಲಿ ಭಾರತೀಯರಿಗಾಗಿ ಸರ್ಕಾರಿ ಶಾಲೆ ಇತ್ತು, ಅಲ್ಲಿ ಪ್ರೌಢ ತರಗತಿಗಳೂ ಬಂದವು. ಆದರೆ ಬೇಡಿಕೆಯ ಮುಂದೆ ಅದು ಏನೇನೂ ಸಾಲದು.

ಪ್ರೌಢಶಿಕ್ಷಣದ ಮಟ್ಟಿಗೆ ಮುಖ್ಯ ತಿರುವು 1949ರದು. ರಾಮಕೃಷ್ಣ ಮಿಷನ್ನಿನ ಸ್ವಾಮಿ ರುದ್ರಾನಂದರ ಮುಂದಾಳತ್ವದಲ್ಲಿ ಸಂಗಂ ನಾಂದಿಯಲ್ಲಿ ಶ್ರೀ ವಿವೇಕಾನಂದ ಹೈಸ್ಕೂಲು ತೆರೆಯಿತು. ಕ್ರೈಸ್ತೇತರ ಸಮುದಾಯವೊಂದು ಫಿಜಿಯಲ್ಲಿ ನಡೆಸಿದ ಮೊದಲ ಹೈಸ್ಕೂಲು ಇದು. ಇದರ ಹಿಂದೆ ನಿಂತವರಲ್ಲಿ ಗುಜರಾತಿನಿಂದ ಬಂದ ವಕೀಲ ಎ. ಡಿ. ಪಟೇಲ್ ಒಬ್ಬರು. ಮುಂದೆ ವಸಾಹತು ಆಡಳಿತದಲ್ಲಿ ಸಮಾಜ ಸೇವೆಗಳ ಹೊಣೆ ಹೊತ್ತವರೂ ಅವರೇ. ಸುವ, ಬಾ, ಲೌತೋಕ, ಲಂಬಾಸಾಗಳಲ್ಲಿ ಇಂಥ ಶಾಲೆಗಳು ಒಂದರ ಹಿಂದೊಂದು ಬಂದವು.

ಇತೌಕೇಯಿ ಕಡೆಯಲ್ಲಿ ಹೆಜ್ಜೆ ನಿಧಾನವಾಗಿತ್ತು. ರೇವ ನದಿಯ ದಂಡೆಯ ದವುಯಿಲೆವುವಿನಲ್ಲಿ ಮೆಥಡಿಸ್ಟರ ಲೀಲಿಯನ್ ಮೆಮೋರಿಯಲ್ ಸ್ಕೂಲ್, ಸುವದಲ್ಲಿ ಎಲ್ಲ ಜನಾಂಗದವರಿಗೂ ಬಾಗಿಲು ತೆರೆದ ಮಾರಿಸ್ಟ್ ಬ್ರದರ್ಸ್ ಹೈಸ್ಕೂಲು, ಲೊಂದೋನಿಯಲ್ಲಿ ಸರ್ಕಾರದ ರಾತು ಕಂದವುಲೆವು ಸ್ಕೂಲ್ ಮುಖ್ಯವಾದವು. ಹುಡುಗಿಯರಿಗಾಗಿ ಸಾವನಿಯಲ್ಲಿ ಆಂದಿ ಥಾಕೊಂಬಾವ್ ಸ್ಕೂಲ್ ಬಂದದ್ದು 1948ರಲ್ಲಿ, ಹುಡುಗರ ಕ್ವೀನ್ ವಿಕ್ಟೋರಿಯಾ ಸ್ಕೂಲ್ ಶುರುವಾಗಿ ನಲವತ್ತೆರಡು ವರ್ಷಗಳಾದ ಮೇಲೆ. ಇವು ಬಹುತೇಕ ವಸತಿ ಶಾಲೆಗಳು. ದೂರದ ದ್ವೀಪದ ಹುಡುಗ ಹಡಗು ಹತ್ತಿ ಬಂದು ವರ್ಷಪೂರ್ತಿ ಅಲ್ಲೇ ಇರಬೇಕಿತ್ತು. ಭಾರತೀಯ ಮೂಲದ ಮಗು ಬಹುಮಟ್ಟಿಗೆ ಮನೆಯಿಂದಲೇ ನಡೆದೋ ಬಸ್ಸಿನಲ್ಲೋ ಶಾಲೆಗೆ ಹೋಗುತ್ತಿತ್ತು. ಈ ವ್ಯತ್ಯಾಸ ಸಣ್ಣದೆಂದು ಕಂಡರೂ ಮುಂದಿನ ವಾದಗಳಿಗೆಲ್ಲ ಇದು ಬುನಾದಿ. ಶಿಕ್ಷಕರ ಸಂಘಗಳೂ ಎರಡಾದವು. ಭಾರತೀಯ ಮೂಲದವರೇ ಹೆಚ್ಚಾಗಿದ್ದ ಫಿಜಿ ಟೀಚರ್ಸ್ ಯೂನಿಯನ್ ಒಂದು, ಇತೌಕೇಯಿ ಶಿಕ್ಷಕರ ಫಿಜಿಯನ್ ಟೀಚರ್ಸ್ ಅಸೋಸಿಯೇಷನ್ ಇನ್ನೊಂದು. ಈಗಲೂ ಎರಡೂ ಇವೆ.

1969ರ ಆಯೋಗ ಮತ್ತು ಜೂನಿಯರ್ ಸೆಕೆಂಡರಿ

ವಸಾಹತು ಕಾಲದಲ್ಲಿ ವರದಿಗಳಿಗೆ ಬರವಿರಲಿಲ್ಲ. 1944ರಲ್ಲಿ ಸ್ಟೀಫನ್ಸ್, 1955ರಲ್ಲಿ ಲೂಯಿಸ್-ಜೋನ್ಸ್, ಅವುಗಳ ನಡುವೆ ಇನ್ನಷ್ಟು. ಸ್ವಾತಂತ್ರ್ಯ ಬಾಗಿಲಲ್ಲಿ ನಿಂತಿದ್ದಾಗ, 1969ರಲ್ಲಿ, ಜಮೈಕದ ಸರ್ ಫಿಲಿಪ್ ಶರ್ಲಾಕ್ ಅಧ್ಯಕ್ಷತೆಯ ಆಯೋಗ ಕೊಟ್ಟ ವರದಿ ಹೆಚ್ಚು ದೂರ ನೋಡಿತು. ಸುವದ ಲೌಥಲ ಕೊಲ್ಲಿಯಲ್ಲಿ, ನ್ಯೂಜಿಲೆಂಡ್ ವಾಯುಪಡೆ ಬಿಟ್ಟುಹೋದ ನೆಲೆಯಲ್ಲಿ, ಹಿಂದಿನ ವರ್ಷವಷ್ಟೇ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯ ಆರಂಭವಾಗಿತ್ತು. ಅಲ್ಲಿಗೆ ವಿದ್ಯಾರ್ಥಿಗಳು ಬೇಕಿದ್ದರು, ಹೊಸ ದೇಶಕ್ಕೆ ಗುಮಾಸ್ತರು, ದಾದಿಯರು, ಶಿಕ್ಷಕರು ಬೇಕಿದ್ದರು.

ಆಯೋಗದ ಸಲಹೆಯ ಬೆನ್ನಿಗೆ ಗ್ರಾಮಾಂತರದಲ್ಲಿ ಜೂನಿಯರ್ ಸೆಕೆಂಡರಿ ಶಾಲೆಗಳು ಹರಡಿದವು. ಫಾರ್ಮ್ ಒಂದರಿಂದ ನಾಲ್ಕರವರೆಗೆ ತರಗತಿ, ಬೇಸಾಯ, ಮರಗೆಲಸ, ಗೃಹವಿಜ್ಞಾನ ಸೇರಿದ ಪಠ್ಯ, ವಿಶ್ವಸಂಸ್ಥೆಯ ನೆರವಿನಿಂದ ತಯಾರಾದ ಹೊಸ ಪುಸ್ತಕ ಇವುಗಳ ಲಕ್ಷಣ. ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು ವಿಜ್ಞಾನ, ಗಣಿತದ ಖಾಲಿ ಜಾಗ ತುಂಬಿದರು. ಹಳ್ಳಿಗೆ ಹತ್ತಿರದ ಶಾಲೆ ಎಂಬ ಅರ್ಧ ಗುರಿ ಕೈಗೂಡಿತು, ಹಳ್ಳಿಯ ಬದುಕಿಗೆ ಹೊಂದುವ ಶಿಕ್ಷಣ ಎಂಬ ಇನ್ನರ್ಧ ಸೋತಿತು. ತಾವು ಬೇಸಾಯ ಮಾಡಿಯೇ ಸಾಕಾಗಿದ್ದ ತಂದೆತಾಯಿಗಳು ಮಗನಿಗೆ ಬೇಸಾಯ ಕಲಿಸಲು ಶುಲ್ಕ ಕಟ್ಟಲು ಒಪ್ಪಲಿಲ್ಲ. ಅವರಿಗೆ ಬೇಕಿದ್ದದ್ದು ಸುವದ ಹುಡುಗ ಬರೆಯುವ ಪರೀಕ್ಷೆ. ಹಲವು ಜೂನಿಯರ್ ಶಾಲೆಗಳು ನಿಧಾನಕ್ಕೆ ಮೇಲಿನ ತರಗತಿ ತೆರೆದು, ಪಟ್ಟಣದ ಶಾಲೆಯ ಬಡ ನಕಲುಗಳಾದವು. ತಜ್ಞರು ಇದನ್ನು ತಂದೆತಾಯಿಗಳ ಅಜ್ಞಾನ ಎಂದರು. ಸಂಬಳದ ಕೆಲಸವೆಲ್ಲ ಪ್ರಮಾಣಪತ್ರಕ್ಕೆ ಅಂಟಿಕೊಂಡಿದ್ದ ನಾಡಿನಲ್ಲಿ ಅದು ಸರಿಯಾದ ಲೆಕ್ಕಾಚಾರವೇ ಆಗಿತ್ತು.

ಅಂತರದ ಕಾರಣ: ಹಲವು ವಿವರಣೆಗಳು

1970ರ ದಶಕದಿಂದ ಸಾರ್ವಜನಿಕ ಪರೀಕ್ಷೆಗಳಲ್ಲಿ ಒಂದು ಅಂಶ ಮತ್ತೆ ಮತ್ತೆ ಕಂಡುಬಂತು. ಪ್ರಾಥಮಿಕ ಶಾಲೆಗೆ ಸೇರುವವರಲ್ಲಿ ಎರಡೂ ಜನಾಂಗಗಳ ಮಕ್ಕಳು ಸರಿಸಮವಾಗಿದ್ದರೂ ಮೇಲಿನ ತರಗತಿಗೆ ಹೋದಂತೆ ಇತೌಕೇಯಿ ಮಕ್ಕಳು ಕಡಿಮೆಯಾಗುತ್ತಿದ್ದರು, ವಿಜ್ಞಾನ ಗಣಿತಗಳಲ್ಲಿ ಹಿಂದೆ ಬೀಳುತ್ತಿದ್ದರು.

ಮೊದಲ ವಿವರಣೆ ಭೂಗೋಳದ್ದು. ಇತೌಕೇಯಿ ಶಾಲೆಗಳಲ್ಲಿ ಹೆಚ್ಚಿನವು ಚಿಕ್ಕ ದ್ವೀಪಗಳಲ್ಲಿ, ಒಳನಾಡಿನ ಬೆಟ್ಟಗಳಲ್ಲಿ ಇವೆ. ಅಲ್ಲಿಗೆ ಅನುಭವಿ ಶಿಕ್ಷಕರು ಹೋಗುವುದಿಲ್ಲ, ಪ್ರಯೋಗಶಾಲೆ ಇಲ್ಲ, ಎರಡು ಮೂರು ತರಗತಿ ಒಂದೇ ಕೊಠಡಿಯಲ್ಲಿ. ಇದನ್ನು ಅಲ್ಲಗಳೆಯುವವರು ಕಡಿಮೆ. ಆದರೆ ಲೌ ಪ್ರಾಂತ್ಯ ಈ ವಾದಕ್ಕೆ ತಲೆನೋವು. ಸುವದಿಂದ ದೂರ, ಮಣ್ಣು ಬಡ, ಹಡಗು ಅಪರೂಪ. ಹೀಗಿದ್ದರೂ ಫಿಜಿಯ ಪದವೀಧರರಲ್ಲಿ, ಅಧಿಕಾರಿಗಳಲ್ಲಿ ಲೌ ಜನರ ಪಾಲು ಮೊದಲಿನಿಂದಲೂ ದೊಡ್ಡದು. ಮಿಷನ್ ಮೊದಲು ಇಳಿದದ್ದು ಅಲ್ಲಿ, ಸುಕುನಾ ಮತ್ತು ದೇಶದ ಮೊದಲ ಪ್ರಧಾನಿ ರಾತು ಕಾಮಿಸೆಸೆ ಮಾರಾ ಅವರ ಪ್ರಭಾವ ಇದ್ದದ್ದೂ ಅಲ್ಲಿಯೇ. ಬೆಳೆ ಬೆಳೆದು ಬದುಕಲಾಗದ ದ್ವೀಪದವರಿಗೆ ಓದೇ ಬೆಳೆಯಾಯಿತು ಎನ್ನುವವರೂ ಇದ್ದಾರೆ. ದೂರವಿದ್ದ ಮಾತ್ರಕ್ಕೆ ಶಾಲೆ ಸೋಲುವುದಿಲ್ಲ ಎಂದಾಯಿತು.

ಎರಡನೆಯದು ಸಂಸ್ಕೃತಿಯ ವಾದ. ನೆಲ, ಜನ, ಪೂರ್ವಿಕರು, ಋಣಗಳನ್ನೆಲ್ಲ ಒಳಗೊಂಡ ‘ವನುವ’ ಇತೌಕೇಯಿ ಬದುಕಿನ ಕೇಂದ್ರ. ಮದುವೆ, ಸಾವು, ಚರ್ಚಿನ ವಂತಿಗೆ ಎಲ್ಲಕ್ಕೂ ಮನೆ ತನ್ನ ಪಾಲು ಕೊಡಬೇಕು, ಹಣ ಸಮಯ ಎರಡೂ ಅಲ್ಲಿಗೆ ಹೋಗುತ್ತವೆ, ಮಗುವಿನ ಓದಿಗೆ ಉಳಿಯುವುದು ಕಡಿಮೆ ಎಂಬುದು ಇದರ ಹಳೆಯ ರೂಪ. 1959ರಲ್ಲಿ ಭೂಗೋಳಶಾಸ್ತ್ರಜ್ಞ ಒ. ಎಚ್. ಕೆ. ಸ್ಪೇಟ್ ಇತೌಕೇಯಿ ಆರ್ಥಿಕತೆ ಕುರಿತು ಬರೆದ ವರದಿಯ ಧಾಟಿ ಹೀಗೇ ಇತ್ತು. ಸಮುದಾಯದ ಕಟ್ಟು ವ್ಯಕ್ತಿಯ ಏಳಿಗೆಗೆ ಅಡ್ಡಿ ಎಂಬ ಚಿಂತೆ ಅದರದು. ಈ ವಾದಕ್ಕೆ ದೊಡ್ಡ ದೋಷವಿದೆ. ಸೋತವರ ಸಂಸ್ಕೃತಿಯನ್ನೇ ಸೋಲಿನ ಕಾರಣವೆಂದು ತೋರಿಸುವುದು ಸುಲಭ, ಗೆದ್ದ ಲೌನಲ್ಲೂ ಅದೇ ವನುವ ಇದೆ ಎಂಬುದನ್ನು ಅದು ವಿವರಿಸುವುದಿಲ್ಲ.

ಇದೇ ವಾದವನ್ನು ತಲೆಕೆಳಗು ಮಾಡಿದವರು ಪೆಸಿಫಿಕ್‌ನ ವಿದ್ವಾಂಸರು. ಟೋಂಗಾದ ಕೋನೈ ಹೇಲು ಥಾಮನ್ ಮತ್ತಿತರರು ಕೇಳಿದ್ದು ಮಕ್ಕಳು ಶಾಲೆಗೆ ಯಾಕೆ ಹೊಂದುತ್ತಿಲ್ಲ ಎಂದಲ್ಲ, ಶಾಲೆ ಯಾಕೆ ಮಕ್ಕಳಿಗೆ ಹೊಂದುತ್ತಿಲ್ಲ ಎಂದು. 2001ರಲ್ಲಿ ಸುವದಲ್ಲಿ ಮೊಳೆತ ‘ಪೆಸಿಫಿಕ್ ಶಿಕ್ಷಣದ ಮರುಚಿಂತನೆ’ ಎಂಬ ಉಪಕ್ರಮ ಈ ಪ್ರಶ್ನೆಗೆ ವೇದಿಕೆಯಾಯಿತು. ಉನೈಸಿ ನಬೊಂಬೊ-ಬಾಬಾ 2006ರ ಪುಸ್ತಕದಲ್ಲಿ ತೈಲೆವುವಿನ ವುಂಗಲೇಯಿ ಜನರ ಜ್ಞಾನಪದ್ಧತಿಯನ್ನು ವಿವರಿಸುತ್ತಾ ಮೌನಕ್ಕೆ ದೊಡ್ಡ ಸ್ಥಾನ ಕೊಟ್ಟರು. ಹಿರಿಯರೆದುರು ಸುಮ್ಮನಿರುವುದು ಅಲ್ಲಿ ಗೌರವ, ಕಲಿಕೆಯ ಒಂದು ಬಗೆ. ಕೈಯೆತ್ತಿ ಪ್ರಶ್ನೆ ಕೇಳುವವನೇ ಜಾಣ ಎಂದು ನಂಬಿದ ತರಗತಿಯಲ್ಲಿ ಅದೇ ಮೌನ ದಡ್ಡತನವಾಗಿ ಕಾಣುತ್ತದೆ. ಈ ಪಂಥದ ಬಲ ಅದರ ಸೂಕ್ಷ್ಮ ನೋಟದಲ್ಲಿದೆ. ಇಂಥ ಶಾಲೆಯಲ್ಲಿ ಕಲಿತ ಮಗು ಎಂಜಿನಿಯರಿಂಗ್ ಪ್ರವೇಶಕ್ಕೆ ಯಾವ ದಾರಿ ಹಿಡಿಯಬೇಕು ಎಂಬಲ್ಲಿ ಅದರ ಉತ್ತರ ತೆಳುವಾಗುತ್ತದೆ.

ಮೂರನೆಯ ವಿವರಣೆ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿಯುತ್ತದೆ. ಇತೌಕೇಯಿಗಳು ಹಿಂದುಳಿದದ್ದೇಕೆ ಎನ್ನುವ ಬದಲು ಭಾರತೀಯ ಮೂಲದವರು ಓದಿಗೆ ಅಷ್ಟು ಅಂಟಿಕೊಂಡದ್ದೇಕೆ ಎಂದು ಕೇಳುತ್ತದೆ. ಉತ್ತರ ನೆಲದಲ್ಲಿದೆ. ಫಿಜಿಯ ಭೂಮಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಇತೌಕೇಯಿ ಕುಲಗಳ ಸಾಮೂಹಿಕ ಸ್ವತ್ತು, ಮಾರುವಂತಿಲ್ಲ. ಕಬ್ಬಿನ ರೈತ ಗೇಣಿದಾರ. 1976ರ ಕಾಯ್ದೆಯ ಪ್ರಕಾರ ಗೇಣಿಯ ಅವಧಿ ಮೂವತ್ತು ವರ್ಷ, 1997ರಿಂದ ಸಾವಿರಾರು ಗೇಣಿಗಳು ಮುಗಿಯುತ್ತ ಬಂದವು. ನೆಲ ಮಗನಿಗೆ ಬರುವುದಿಲ್ಲ ಎಂದು ಗೊತ್ತಿದ್ದವನಿಗೆ ಪ್ರಮಾಣಪತ್ರವೇ ಆಸ್ತಿ. 1987ರ ಕ್ಷಿಪ್ರಕ್ರಾಂತಿಯ ನಂತರ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯ ಮೂಲದವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಗಳಿಗೆ ಹೊರಟಾಗ ಆ ಆಸ್ತಿಯ ಬೆಲೆ ತಿಳಿಯಿತು. ಎಲ್ಲ ವಿವರಣೆಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಇದು. ಒಂದು ಜನಾಂಗದ ‘ಸ್ವಭಾವ’ ಎಂದು ಕಾಣುವುದರ ಹಿಂದೆ ಗೇಣಿ ಪತ್ರವಿದೆ ಎಂದು ಇದು ತೋರಿಸುತ್ತದೆ. ಬಡ ಗೇಣಿದಾರರ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಶಾಲೆ ಬಿಟ್ಟದ್ದನ್ನು ಮಾತ್ರ ಇದು ಮರೆಮಾಡಬಾರದು.

ನಾಲ್ಕನೆಯದು ಭಾಷೆಯ ವಾದ. ಮೊದಲ ಮೂರು ತರಗತಿ ಮಾತೃಭಾಷೆಯಲ್ಲಿ, ನಾಲ್ಕರಿಂದ ಇಂಗ್ಲಿಷಿನಲ್ಲಿ ಎಂಬುದು ಬಹುಕಾಲದ ನಿಯಮ, ಪ್ರೌಢಶಾಲೆ ಪೂರ್ತಿ ಇಂಗ್ಲಿಷ್. ಮಾತೃಭಾಷೆ ಎಂಬುದೂ ಸರಳವಲ್ಲ. ಮುಖ್ಯ ದ್ವೀಪ ವೀತಿ ಲೆವುವಿನ ಪಶ್ಚಿಮ ಭಾಗದ ಇತೌಕೇಯಿ ಮಗುವಿಗೆ ಬಾವ್ ಮಾದರಿಯ ಭಾಷೆ ಮನೆಮಾತಲ್ಲ. ಮನೆಯಲ್ಲಿ ಭೋಜಪುರಿ, ಅವಧಿ ಬೆರೆತ ಫಿಜಿ ಹಿಂದಿ ಆಡುವ ಮಗುವಿಗೆ ಶಾಲೆಯಲ್ಲಿ ಸಿಗುವುದು ದೇವನಾಗರಿಯ ಖಡಿಬೋಲಿ. ಸಂಗಂ ಶಾಲೆಗಳಲ್ಲಿ ತಮಿಳು, ತೆಲುಗು ಕಲಿಸಿದರೂ ದಕ್ಷಿಣದವರ ಮನೆಗಳಲ್ಲೂ ಫಿಜಿ ಹಿಂದಿಯೇ ನಿಂತಿತು. ಎರಡೂ ಜನಾಂಗಕ್ಕೆ ಇಂಗ್ಲಿಷ್ ಪರಭಾಷೆಯೇ ಆದ್ದರಿಂದ, ಭಾಷೆಯೊಂದೇ ಅಂತರವನ್ನು ವಿವರಿಸದು.

ಮೀಸಲು ನೆರವು

ಸರ್ಕಾರ ವಿವರಣೆಗಳಿಗೆ ಕಾಯಲಿಲ್ಲ. 1977ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ ಇತೌಕೇಯಿಗಳಿಗೆ ಕಡಿಮೆ ಅಂಕ ಸಾಕು ಎಂದು ನಿಗದಿ ಮಾಡಿದಾಗ ಭಾರತೀಯ ಮೂಲದವರು ಸಿಟ್ಟಾದರು, ಅದರ ಪರಿಣಾಮ ಆ ವರ್ಷದ ಚುನಾವಣೆಯಲ್ಲೂ ಕಂಡಿತು. 1984ರಿಂದ ಇತೌಕೇಯಿ ಶಿಕ್ಷಣಕ್ಕೆ ವರ್ಷಕ್ಕೆ 35 ಲಕ್ಷ ಫಿಜಿ ಡಾಲರ್ ಪ್ರತ್ಯೇಕವಾಗಿ ಸಿಗತೊಡಗಿತು. 2000ದ ಕ್ಷಿಪ್ರಕ್ರಾಂತಿಯ ನಂತರದ ಸರ್ಕಾರ ಆಯ್ದ ಇತೌಕೇಯಿ ಶಾಲೆಗಳನ್ನು ಉತ್ಕೃಷ್ಟತಾ ಕೇಂದ್ರಗಳಾಗಿಸಲು ಹೊರಟಿತು.

ಇದರ ಫಲದ ಬಗ್ಗೆ ಒಮ್ಮತವಿಲ್ಲ. ಪರವಾಗಿ ಮಾತಾಡುವವರು ಇತೌಕೇಯಿ ಪದವೀಧರರ, ಮಧ್ಯಮವರ್ಗದ ಬೆಳವಣಿಗೆಯನ್ನು ತೋರಿಸುತ್ತಾರೆ. ಟೀಕಾಕಾರರ ಪ್ರಕಾರ ಹಣ ತಲುಪಿದ್ದು ಮೊದಲೇ ಮುಂದಿದ್ದ ವಸತಿ ಶಾಲೆಗಳನ್ನು, ಪಟ್ಟಣದ ಕುಟುಂಬಗಳನ್ನು, ಹೊರದ್ವೀಪದ ಮಗುವನ್ನು ತಲುಪಿದ್ದು ಕಡಿಮೆ. ಕ್ಷಿಪ್ರಕ್ರಾಂತಿಗಳು ಇನ್ನೊಂದು ಪೆಟ್ಟನ್ನೂ ಕೊಟ್ಟವು. ವಲಸೆ ಹೋದವರಲ್ಲಿ ಶಿಕ್ಷಕರು ಬಹಳ ಮಂದಿ, ವಿಜ್ಞಾನ ಗಣಿತ ಕಲಿಸುವವರೇ ಹೆಚ್ಚು. ಇದರ ನಷ್ಟ ಎರಡೂ ಜನಾಂಗದ ಶಾಲೆಗಳಿಗೂ ತಟ್ಟಿತು.

ಪರೀಕ್ಷೆಯ ಏರಿಳಿತ

ಆರಂಭದಲ್ಲಿ ಕೇಂಬ್ರಿಜ್, ಎರಡನೇ ಮಹಾಯುದ್ಧದ ನಂತರ ನ್ಯೂಜಿಲೆಂಡಿನ ಸ್ಕೂಲ್ ಸರ್ಟಿಫಿಕೇಟ್ ಮತ್ತು ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ. ಸ್ವಾತಂತ್ರ್ಯ ಬಂದು ಹದಿನೆಂಟು ಇಪ್ಪತ್ತು ವರ್ಷ ಕಳೆದರೂ ಫಿಜಿಯ ಮಗುವಿನ ಭವಿಷ್ಯ ವೆಲಿಂಗ್ಟನ್ನಿನ ಪ್ರಶ್ನೆಪತ್ರಿಕೆಯಲ್ಲಿತ್ತು. 1980ರ ದಶಕದ ಕೊನೆಗೆ ಫಿಜಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್ ಬಂತು. 2000ದ ಶಿಕ್ಷಣ ಆಯೋಗ ಪರೀಕ್ಷೆಗಳ ಭಾರ ಇಳಿಸುವ ಮಾತಾಡಿತು, 2010ರ ಆಸುಪಾಸಿನಲ್ಲಿ ಕೆಳಗಿನ ಹಂತದ ಬಾಹ್ಯ ಪರೀಕ್ಷೆಗಳನ್ನು ತೆಗೆದುಹಾಕಿ ಶಾಲೆಯೊಳಗಿನ ಮೌಲ್ಯಮಾಪನ ತರಲಾಯಿತು. 2015ರಲ್ಲಿ ಅವು ಮರಳಿ ಬಂದವು. ಅಂಕಗಳನ್ನು ಸರಿದೂಗಿಸುವ ಪದ್ಧತಿ ಕೈಬಿಟ್ಟಾಗ ಉತ್ತೀರ್ಣರ ಪ್ರಮಾಣ ಇಳಿಯಿತು. ಇಷ್ಟು ಬೇಗ ಮುಂದೆ ಹಿಂದೆ ಹೋದ ವ್ಯವಸ್ಥೆಯಲ್ಲಿ ಒಂದು ವರ್ಷದ ಫಲಿತಾಂಶವನ್ನು ಇನ್ನೊಂದರ ಜೊತೆ ಹೋಲಿಸುವುದೇ ಕಷ್ಟ.

ಇನ್ನೂ ಇತ್ಯರ್ಥವಾಗದವು

2014ರಿಂದ ಸರ್ಕಾರ ಬೋಧನಾ ಶುಲ್ಕದ ಬದಲು ಶಾಲೆಗಳಿಗೆ ನೇರ ಅನುದಾನ ಕೊಡುತ್ತಿದೆ. ಬಡ ಮನೆಗಳಿಗೆ ಇದು ದೊಡ್ಡ ನಿರಾಳ. ಶುಲ್ಕ ಸಂಗ್ರಹಿಸುವ ಅಧಿಕಾರ ಕಳೆದುಕೊಂಡ ಸಮಿತಿಗೆ ಒಡೆತನ ಮಾತ್ರ ಉಳಿದಿದೆ. ಅನುದಾನವನ್ನು ಯಾವ ಬಾಬಿಗೆ ಎಷ್ಟು ಖರ್ಚು ಮಾಡಬೇಕೆಂದೂ ಸರ್ಕಾರವೇ ಹೇಳುತ್ತದೆ. 2016ರ ಫೆಬ್ರುವರಿಯ ವಿನ್‌ಸ್ಟನ್ ಚಂಡಮಾರುತ ನೂರಾರು ಶಾಲೆಗಳಿಗೆ ಹಾನಿ ಮಾಡಿತು, ಕ್ವೀನ್ ವಿಕ್ಟೋರಿಯಾ ಸ್ಕೂಲ್ ಕೂಡ ನೆಲಕಚ್ಚಿತು. ಸಮಿತಿಯ ಕಟ್ಟಡವನ್ನು ಯಾರು ಎತ್ತಿ ನಿಲ್ಲಿಸಬೇಕು ಎಂಬ ಪ್ರಶ್ನೆ ಪ್ರತಿ ಚಂಡಮಾರುತಕ್ಕೂ ಮರಳಿ ಬರುತ್ತದೆ. 1916ರ ಕಾಯ್ದೆಯ ತರ್ಕವನ್ನು ಕೈಬಿಡಬೇಕೆ, ಮುಂದುವರಿಸಬೇಕೆ ಎಂದು ಯಾವ ಸರ್ಕಾರವೂ ನೇರವಾಗಿ ಕೇಳಿಕೊಂಡಿಲ್ಲ.

ವೃತ್ತಿಶಿಕ್ಷಣದ ಪ್ರಶ್ನೆಯೂ 1970ರಲ್ಲಿದ್ದ ಜಾಗದಲ್ಲೇ ಇದೆ. ತಾವೆಯೂನಿ ದ್ವೀಪದ ತೂತುವಿನಲ್ಲಿ ಮಾರಿಸ್ಟ್ ಪಾದ್ರಿಗಳು ಯುವ ರೈತರಿಗಾಗಿ ನಡೆಸುವ ತರಬೇತಿ ಕೇಂದ್ರ ಹೆಸರು ಮಾಡಿದೆ. ಅದು ಯಶಸ್ವಿಯಾದದ್ದು ಹೈಸ್ಕೂಲಿನ ಹೊರಗಿದ್ದುದರಿಂದ ಎಂಬ ಮಾತಿದೆ. 2015ರಲ್ಲಿ ತೆರೆದ ಸರ್ಕಾರಿ ಟೆಕ್ನಿಕಲ್ ಕಾಲೇಜುಗಳು ಕೆಲವೇ ವರ್ಷಗಳಲ್ಲಿ ಫಿಜಿ ರಾಷ್ಟ್ರೀಯ ವಿಶ್ವವಿದ್ಯಾಲಯದ ಕೈಗೆ ಹೋದವು. ಭಾಷೆಯಲ್ಲಿ 2013ರ ಸಂವಿಧಾನ ಪ್ರಾಥಮಿಕ ಶಾಲೆಗಳಲ್ಲಿ ಆಡುಮಾತಿನ ಇತೌಕೇಯಿ ಮತ್ತು ಫಿಜಿ ಹಿಂದಿಯನ್ನು ಕಡ್ಡಾಯ ಮಾಡಿತು. ಪ್ರೌಢಶಾಲೆಯಲ್ಲಿ ಅವುಗಳ ಪಾತ್ರವೇನೆಂದು ಹೇಳಲಿಲ್ಲ. ಹುಡುಗಿಯರು ಎರಡೂ ಜನಾಂಗಗಳಲ್ಲಿ ಹುಡುಗರನ್ನು ಹಿಂದಿಕ್ಕಿದ್ದಾರೆ. ಜನಾಂಗದ ಅಂತರದ ಬಗ್ಗೆ ಬಂದಷ್ಟು ಬರಹ ಈ ಅಂತರದ ಬಗ್ಗೆ ಬಂದಿಲ್ಲ.

ಹಳೆಯ ಅಂತರ ಈಗ ಎಷ್ಟು ಉಳಿದಿದೆ ಎನ್ನುವುದನ್ನು ಅಳೆಯಲು ಲೆಕ್ಕವೇ ಸಾಲದು. 2007ರ ಜನಗಣತಿಯಲ್ಲಿ ಇತೌಕೇಯಿಗಳು ಶೇ. 57ರಷ್ಟು, ಭಾರತೀಯ ಮೂಲದವರು ಶೇ. 37ರಷ್ಟು ಇದ್ದರು. ಎಲ್ಲರೂ ಫಿಜಿಯನ್ನರು, ಜನಾಂಗದ ಲೆಕ್ಕ ಬೇಡ ಎಂದ, 2006ರ ಕ್ಷಿಪ್ರಕ್ರಾಂತಿಯ ನಂತರದ ಸರ್ಕಾರದ ಕಾಲದಲ್ಲಿ 2017ರ ಗಣತಿಯ ಜನಾಂಗವಾರು ಅಂಕಿಗಳು ಹೊರಬರಲಿಲ್ಲ. ಜನಾಂಗದ ಹೆಸರಲ್ಲಿ ನೆರವು ಹಂಚಿದ್ದು ತಪ್ಪೆಂದು ನಂಬಿದವರಿಗೂ, ಅದು ಅಗತ್ಯವೆಂದು ನಂಬಿದವರಿಗೂ ತಮ್ಮ ಮಾತಿಗೆ ಆಧಾರ ಬೇಕಾದದ್ದು ಇದೇ ಅಂಕಿಗಳಲ್ಲಿ. ಅವು ತರಗತಿವಾರು, ಪ್ರಾಂತ್ಯವಾರು, ಹುಡುಗ ಹುಡುಗಿಯರ ವಿಂಗಡಣೆಯೊಂದಿಗೆ ಸಿಗುವವರೆಗೆ ಭೂಗೋಳ, ವನುವ, ಗೇಣಿ, ಭಾಷೆಗಳಲ್ಲಿ ಯಾವುದರ ತೂಕ ಎಷ್ಟು ಎಂದು ನಿರ್ಧರಿಸುವುದು ಸಾಧ್ಯವಿಲ್ಲ.